ನಂಜುಂಡಪ್ಪ ವರದಿ ಅಳೆಯದೆ ಬಿಟ್ಟದ್ದು

ಕಲ್ಯಾಣ ಕರ್ನಾಟಕದಲ್ಲಿ ಅಭಿವೃದ್ಧಿಯ ಮಾತೆದ್ದರೆ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ ನೆನಪಾಗದೆ ಇರುವುದಿಲ್ಲ. 2002ರಲ್ಲಿ ಸರ್ಕಾರದ ಕೈಸೇರಿದ ಈ ವರದಿಯ ದೊಡ್ಡ ಗುಣ ಅದು ಆರಿಸಿಕೊಂಡ ಅಳತೆ. ಜಿಲ್ಲಾ ಸರಾಸರಿಯ ಮರೆಯಲ್ಲಿದ್ದ ಬಡತನವನ್ನು ಅದು ತಾಲ್ಲೂಕುವಾರು ಬಿಡಿಸಿ ತೋರಿಸಿತು. 35 ಸೂಚಕಗಳನ್ನು ಹಿಡಿದು, ರಾಜ್ಯದ ಸರಾಸರಿಯನ್ನು 1 ಎಂದಿಟ್ಟು ಅಳೆದಾಗ ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿದ್ದವು. ಅತ್ಯಂತ ಹಿಂದುಳಿದ 39ರಲ್ಲಿ 21 ಕಲ್ಯಾಣ ಕರ್ನಾಟಕದ, ಅಂದರೆ ಅಂದಿನ ಗುಲ್ಬರ್ಗಾ ವಿಭಾಗದವು. ಆ 39ರಲ್ಲಿ ಬೆಂಗಳೂರಿನ ಮಗ್ಗುಲಿನ ಕನಕಪುರ, ಮಾಗಡಿಗಳೂ ಇದ್ದವು. ರಾಜಧಾನಿಯ ದೂರವೊಂದೇ ಹಿಂದುಳಿಯಲು ಕಾರಣವಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ಆ 35 ಸೂಚಕಗಳಲ್ಲಿ ಆಡಳಿತದ ಗುಣವನ್ನು ನೇರವಾಗಿ ಅಳೆಯುವುದು ಒಂದೂ ಇಲ್ಲ. ನನ್ನ ತಕರಾರು ಇದೇ. ನೀರಾವರಿಯನ್ನೇ ನೋಡಿ. ತುಂಗಭದ್ರಾ ಎಡದಂಡೆ ಕಾಲುವೆಯನ್ನು ಬಹುಮಟ್ಟಿಗೆ ಕಡಿಮೆ ನೀರಿನ ಬೆಳೆಗಳಿಗೆಂದು ಯೋಜಿಸಲಾಗಿತ್ತು. ಮೇಲ್ಭಾಗದಲ್ಲಿ ಭತ್ತ ಹಬ್ಬಿತು, ಅಕ್ರಮವಾಗಿ ನೀರೆತ್ತುವುದೂ ನಡೆಯಿತು. ಮಾನ್ವಿ, ರಾಯಚೂರಿನ ಕೆಳಭಾಗದ ರೈತರು ನೀರಿಗಾಗಿ ರಸ್ತೆಗಿಳಿಯಬೇಕಾಯಿತು. ಕಾಲುವೆಯಿದೆ, ಅಚ್ಚುಕಟ್ಟು ಪ್ರದೇಶವೆಂಬ ದಾಖಲೆಯೂ ಇದೆ. ಹೊಲಕ್ಕೆ ಮಾತ್ರ ನೀರಿಲ್ಲ. ಆ ಊರುಗಳಿಗೆ ಬೇಕಾದದ್ದು ಇನ್ನೊಂದು ಕಾಲುವೆಯಲ್ಲ, ಇರುವ ಕಾಲುವೆಯ ನಿಯಮವನ್ನು ಮುಲಾಜಿಲ್ಲದೆ ಜಾರಿ ಮಾಡುವ ಇಲಾಖೆ. ನೀರು ಬರುತ್ತದೆಂಬ ಭರವಸೆಯಿಲ್ಲದ ಹೊಲಕ್ಕೆ ಯಾವ ರೈತ ಸಾಲ ಮಾಡಿ ಬಂಡವಾಳ ಹಾಕುತ್ತಾನೆ? ಆಡಳಿತ ಸೋತಲ್ಲಿ ಆರ್ಥಿಕ ಬೆಳವಣಿಗೆ ನಿಲ್ಲುವುದು ಹೀಗೆ, ಬಿತ್ತನೆಗೂ ಮೊದಲೇ.

ವರದಿ ಕೊರತೆಯನ್ನು ವಸ್ತುಗಳಲ್ಲಿ ಎಣಿಸಿದ್ದರಿಂದ ಅದು ಸೂಚಿಸಿದ ಪರಿಹಾರವೂ ಬಹುಪಾಲು ಹಣದ ರೂಪದಲ್ಲೇ ಬಂತು: ಎಂಟು ವರ್ಷಗಳಿಗೆ 31,000 ಕೋಟಿ ರೂಪಾಯಿಯ ಶಿಫಾರಸು. ಹಣ ಬೇಕಿತ್ತು, ನಿಜ. ಸಂವಿಧಾನದ 371ಜೆ ವಿಧಿ ಬಂದ ಮೇಲೆ 2013ರಲ್ಲಿ ಕಲ್ಯಾಣ ಕರ್ನಾಟಕಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯೂ ಆಯಿತು, ನೇಮಕಾತಿಯಲ್ಲಿ ಮೀಸಲಾತಿಯೂ ಸಿಕ್ಕಿತು. ಆದರೂ ಖಾಲಿ ಹುದ್ದೆಗಳ ದೂರು, ಖರ್ಚಾಗದೆ ಉಳಿದ ಅನುದಾನದ ದೂರು ನಿಂತಿಲ್ಲ. ಎಂಜಿನಿಯರ್ ಇಲ್ಲದ ಕಚೇರಿಯಲ್ಲಿ ಅಂದಾಜು ಪಟ್ಟಿ ತಯಾರಾಗದು, ಪಟ್ಟಿಯಿಲ್ಲದೆ ಟೆಂಡರ್ ಇಲ್ಲ, ಟೆಂಡರ್ ಇಲ್ಲದೆ ಹಣ ಖಜಾನೆ ಬಿಟ್ಟು ಕದಲುವುದಿಲ್ಲ.

ಅನ್ಯಾಯವನ್ನು ಅಂಕಿಗಳಲ್ಲಿ ಹಿಡಿದು ಕೊಟ್ಟ ಈ ವರದಿಗೆ ನಾಡು ಋಣಿ. ಅದರ ಮುಂದಿನ ಅಳತೆಗೋಲಿನಲ್ಲಿ ಇನ್ನೂ ಮೂರು ಸೂಚಕಗಳಿರಲಿ: ಭರ್ತಿಯಾದ ಹುದ್ದೆ, ವರ್ಷದೊಳಗೆ ಖರ್ಚಾದ ಅನುದಾನ, ಕಾಲುವೆಯ ಕೊನೆಯ ಹೊಲಕ್ಕೆ ತಲುಪಿದ ನೀರು. ಆ ಅಂಕಿಗಳನ್ನು ವರ್ಷವರ್ಷವೂ ಸದನದ ಮುಂದಿಡುವಂತೆ ಹಿಂದುಳಿದ ತಾಲ್ಲೂಕುಗಳ ಶಾಸಕರು ಪಕ್ಷ ಮರೆತು ಒತ್ತಾಯಿಸಬೇಕು.