ಕನ್ನಡ ಚಲಚ್ಚಿತ್ರಗಳಲ್ಲಿ ದಾನವೀರ

ವೀರರಸವು ಒಂದೇ ಬಗೆಯದಲ್ಲವೆಂಬುದು ಅಲಂಕಾರಶಾಸ್ತ್ರವನ್ನು ಬಲ್ಲವರಿಗೆ ಹೊಸ ಮಾತಲ್ಲ. ಭರತಮುನಿಯು ನಾಟ್ಯಶಾಸ್ತ್ರದ ರಸಾಧ್ಯಾಯದಲ್ಲಿ ಅದನ್ನು ದಾನವೀರ, ಧರ್ಮವೀರ, ಯುದ್ಧವೀರ ಎಂದು ಮೂರಾಗಿ ವಿಂಗಡಿಸಿರುವನು. ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ದಯಾವೀರವನ್ನೂ ಸೇರಿಸಿ ನಾಲ್ಕೆಂದು ಎಣಿಸಿರುವನು. ಕತ್ತಿ ಹಿಡಿದವನಂತೆಯೇ ಕೈಯೆತ್ತಿ ಕೊಟ್ಟವನೂ ವೀರನೆನಿಸುವುದಕ್ಕೆ ಕಾರಣವೇನೆಂದರೆ, ಇಬ್ಬರಲ್ಲಿಯೂ ಸ್ಥಾಯಿಭಾವವು ಉತ್ಸಾಹವೇ ಆಗಿರುವುದು. ಕವಚಕುಂಡಲಗಳನ್ನು ಕೊಯ್ದುಕೊಟ್ಟ ಕರ್ಣ, ಮೂರನೆಯ ಹೆಜ್ಜೆಗೆ ತಲೆಯೊಡ್ಡಿದ ಬಲಿ, ಪಾರಿವಾಳದ ತೂಕಕ್ಕೆ ತನ್ನ ಮಾಂಸವನ್ನು ತೂಗಿಕೊಟ್ಟ ಶಿಬಿ, ಇವರ ಕಥೆಗಳನ್ನು ಕೇಳಿ ಬೆಳೆದ ಜನಕ್ಕೆ ಕೊಡುವವನೇ ನಾಯಕನಾಗಿ ಕಾಣುವುದು ಸಹಜವು. ೧೯೩೪ರಲ್ಲಿ ‘ಸತಿ ಸುಲೋಚನಾ’ದೊಡನೆ ಮಾತನಾಡತೊಡಗಿದ ಕನ್ನಡ ಚಲಚ್ಚಿತ್ರವು ಈ ಸಂಸ್ಕಾರವನ್ನು ಬಿಡಲಿಲ್ಲ. ಆದರೆ ತೆರೆಯ ಮೇಲೆ ಕಾಣುವ ದಾನವೀರನು ವೀರನಾಗಿಯೇ ಉಳಿದಿರುವನೋ, ಅಥವಾ ಕರುಣರಸಕ್ಕೆ ಆಲಂಬನವಾಗಿ ಮಾರ್ಪಟ್ಟಿರುವನೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಜನಪ್ರಿಯವಾದ ಚಿತ್ರಗಳನ್ನು ವಿದ್ವಾಂಸರು ಗಣನೆಗೆ ತಾರದಿರುವುದು ವಾಡಿಕೆ. ಹೊತ್ತು ಕಳೆಯಲು ನೋಡುವ ಆಟದಲ್ಲಿ ವಿಚಾರಕ್ಕೆ ಎಡೆಯೆಲ್ಲಿ ಎಂದು ಕೇಳುವವರುಂಟು. ಆದರೆ ಲಕ್ಷಾಂತರ ಜನರು ಮತ್ತೆ ಮತ್ತೆ ನೋಡಿ, ಅತ್ತು, ಮನೆಯಲ್ಲಿ ಮಾತನಾಡಿಕೊಂಡ ಕಥೆಯು ಅವರ ಧರ್ಮಬುದ್ಧಿಯನ್ನು ತಿದ್ದದೆಯೂ ಕೆಡಿಸದೆಯೂ ಇರಲಾರದು. ಭಿನ್ನ ಕಾಲಗಳ ಕೆಲವು ಚಿತ್ರಗಳನ್ನು ಒಂದರ ಹಿಂದೊಂದಾಗಿ ನೋಡಿದ ಪ್ರೇಕ್ಷಕನಿಗೆ, ಅವುಗಳಲ್ಲಿ ಕೊಡುವವನ ಚಿತ್ರವು ಬಹು ಸ್ಫುಟವಾಗಿಯೂ ಪಡೆಯುವವನ ಚಿತ್ರವು ಬಹು ಮಸುಕಾಗಿಯೂ ಇರುವುದು ಗೋಚರವಾಗುತ್ತದೆ.

ಮೊದಲು ೧೯೫೪ರ ‘ಬೇಡರ ಕಣ್ಣಪ್ಪ’ವನ್ನು ತೆಗೆದುಕೊಳ್ಳಬಹುದು. ಎಚ್. ಎಲ್. ಎನ್. ಸಿಂಹ ಅವರು ನಿರ್ದೇಶಿಸಿದ, ರಾಜಕುಮಾರ್ ಅವರು ಮೊದಲ ಬಾರಿಗೆ ನಾಯಕರಾಗಿ ನಟಿಸಿದ ಈ ಚಿತ್ರದ ಕಥೆಯು ಹರಿಹರನ ರಗಳೆಗಳನ್ನು ಓದಿದವರಿಗೆ ಪರಿಚಿತವಾದುದೇ. ಬೇಡನು ಲಿಂಗದ ಕಣ್ಣಿನಲ್ಲಿ ರಕ್ತವನ್ನು ಕಂಡು ತನ್ನ ಕಣ್ಣನ್ನು ಕಿತ್ತು ಅಲ್ಲಿಡುವನು; ಎರಡನೆಯ ಕಣ್ಣಿಗೂ ಕೈಹಾಕುವನು. ಇಲ್ಲಿ ಗಮನಿಸತಕ್ಕುದು ಕೊಟ್ಟವನ ಧೈರ್ಯವೊಂದನ್ನೇ ಅಲ್ಲ. ಪಡೆದವನು ಸುಮ್ಮನಿರುವುದಿಲ್ಲವೆಂಬುದನ್ನೂ ಗಮನಿಸಬೇಕು. ದೇವರು ಪ್ರತ್ಯಕ್ಷನಾಗುವನು, ದಾನಕ್ಕೆ ಉತ್ತರವು ದೊರೆಯುವುದು. ಪ್ರೇಕ್ಷಕನ ಕಣ್ಣಲ್ಲಿ ನೀರು ತುಂಬಿದರೂ ಅದು ಶೋಕದ ನೀರಲ್ಲ. ಉತ್ಸಾಹವು ಕೊನೆಯವರೆಗೆ ಕುಂದದಿರುವುದರಿಂದ ಇದು ಶುದ್ಧವಾದ ದಾನವೀರ.

ಪುರಾಣವನ್ನು ಬಿಟ್ಟು ಸಾಮಾಜಿಕ ಕಥೆಗೆ ಬಂದೊಡನೆ ದೇವರ ಸ್ಥಾನದಲ್ಲಿ ಮನುಷ್ಯನು ಬಂದು ಕುಳಿತುಕೊಳ್ಳುವನು. ತೊಡಕು ಹುಟ್ಟುವುದು ಇಲ್ಲಿಯೇ. ೧೯೭೧ರಲ್ಲಿ ದೊರೈ-ಭಗವಾನ್ ಜೋಡಿಯು ನಿರ್ದೇಶಿಸಿದ ‘ಕಸ್ತೂರಿ ನಿವಾಸ’ದ ನಾಯಕ ರವಿವರ್ಮನು ಬೆಂಕಿಪೆಟ್ಟಿಗೆಯ ಕಾರ್ಖಾನೆಯ ಒಡೆಯ. ಕೈಯೆತ್ತಿ ಕೊಡುವುದೇ ಅವನ ಮನೆತನದ ವ್ರತ. ತನ್ನಲ್ಲಿಯೇ ಕೆಲಸಕ್ಕಿದ್ದವನು ಪ್ರತಿಸ್ಪರ್ಧಿಯಾಗಿ ಬೆಳೆದು ಅವನನ್ನು ಮೀರಿಸುವನು. ಸಂಪತ್ತು ಹೋಗುವುದು, ಮನೆಯೂ ಹೋಗುವುದು. ಕಡೆಗೆ ಆ ಪ್ರತಿಸ್ಪರ್ಧಿಯ ಪತ್ನಿಯಾದ ನೀಲಾ ತನ್ನ ಮಗುವಿಗಾಗಿ ಅವನ ಪಾರಿವಾಳವನ್ನು ಬೇಡಲು ಬರುವಳು. ಬಂದ ಅತಿಥಿಗೆ ಊಟವಿಕ್ಕುವುದಕ್ಕಾಗಿ ಆ ಪಾರಿವಾಳವೇ ಆಗಲೇ ಕೈಬಿಟ್ಟುಹೋಗಿರುವುದು. ‘ಇಲ್ಲ’ ಎನ್ನಬೇಕಾದ ಆ ಒಂದು ಗಳಿಗೆಯನ್ನು ತಾಳಲಾರದೆ ಅವನು ಪ್ರಾಣ ಬಿಡುವನು.

ಈ ಪ್ರಸಂಗವನ್ನು ನೋಡಿದವರಿಗೆ ಹದಿನಾಲ್ಕನೆಯ ಶತಮಾನದ ಇಟಲಿಯ ಕಥೆಗಾರ ಬೊಕಾಚಿಯೋ ನೆನಪಾಗದಿರಲಾರನು. ಅವನ ‘ಡೆಕಮೆರಾನ್’ ಗ್ರಂಥದಲ್ಲಿ ಐದನೆಯ ದಿನದ ಒಂಬತ್ತನೆಯ ಕಥೆ ಇಂತಹುದೇ. ಪ್ರೇಮಕ್ಕಾಗಿ ಸರ್ವಸ್ವವನ್ನೂ ಕಳೆದುಕೊಂಡ ಫೆದೆರಿಗೋ ಎಂಬವನ ಮನೆಗೆ ಅವನು ಒಲಿದ ಹೆಂಗಸು ಬರುವಳು. ಬಡಿಸಲು ಬೇರೇನೂ ಇಲ್ಲದೆ ಅವನು ತನ್ನ ಪ್ರಾಣಪ್ರಿಯವಾದ ಡೇಗೆಯನ್ನೇ ಕೊಂದು ಅಡಿಗೆ ಮಾಡಿಸುವನು. ಊಟವಾದ ಮೇಲೆ ಅವಳು, ಕಾಯಿಲೆಯ ಮಗನಿಗಾಗಿ ಆ ಡೇಗೆಯನ್ನು ಕೇಳಲೆಂದೇ ಬಂದೆನೆನ್ನುವಳು. ಇಷ್ಟರಮಟ್ಟಿಗೆ ಎರಡೂ ಒಂದೇ. ಆದರೆ ಇಟಲಿಯ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಮಗನನ್ನು ಕಳೆದುಕೊಂಡರೂ ಆ ಹೆಂಗಸು ಫೆದೆರಿಗೋನ ಔದಾರ್ಯವನ್ನು ಮರೆಯದೆ, ಬಂಧುಗಳು ಹಳಿದರೂ ಅವನನ್ನೇ ವರಿಸುವಳು. ಪಡೆದವಳು ಉತ್ತರ ಕೊಟ್ಟಳು. ದಾನವು ಇಬ್ಬರ ನಡುವಣ ವ್ಯವಹಾರವಾಯಿತು. ಕನ್ನಡ ಚಿತ್ರದಲ್ಲಾದರೋ ಕೊಟ್ಟವನು ಸತ್ತುಹೋಗುವನು, ಪಡೆದವರು ಅಳುವರು. ಅಲ್ಲಿಂದ ಮುಂದೆ ಅವರು ಮಾಡತಕ್ಕುದೇನೂ ಉಳಿಯುವುದಿಲ್ಲ. ಉತ್ಸಾಹದಿಂದ ಹೊರಟ ಕಥೆಯು ಶೋಕದಲ್ಲಿ ತಂಗಿ, ವೀರವು ಕರುಣವಾಯಿತು. ೨೦೧೪ರಲ್ಲಿ ಬಣ್ಣ ತುಂಬಿ ಈ ಚಿತ್ರವನ್ನು ಮತ್ತೆ ತೆರೆಗೆ ತಂದಾಗಲೂ ಅದು ಪ್ರೇಕ್ಷಕರನ್ನು ಸೆಳೆಯಿತೆಂಬುದು ಈ ಕರುಣದ ಬಲಕ್ಕೆ ಸಾಕ್ಷಿ. ಆದರೆ ಬಲವೇ ಹಿರಿಮೆಯಲ್ಲ.

೨೦೦೬ರ ಕೊನೆಯಲ್ಲಿ ಬಂದ ಯೋಗರಾಜ್ ಭಟ್ ಅವರ ‘ಮುಂಗಾರು ಮಳೆ’ಯಲ್ಲಿ ದಾನದ ವಸ್ತುವೇ ಬದಲಾಗಿದೆ. ನಾಯಕ ಪ್ರೀತಮನು ಮಾತುಗಾರ, ಹೊಣೆಯಿಲ್ಲದವನು. ಕರ್ಣನ ಗೋತ್ರದವನೆಂದು ಯಾರೂ ಮೊದಲಿಗೆ ಹೇಳಲಾರರು. ಆದರೂ ಮದುವೆ ಗೊತ್ತಾದ ನಂದಿನಿಯು ತನಗೆ ಒಲಿದ ಮೇಲೆ, ಅವಳ ಮನೆಯವರ ನಂಬಿಕೆಗೆ ದ್ರೋಹವಾಗಬಾರದೆಂದು ಅವಳನ್ನು ಬಿಟ್ಟುಹೋಗುವನು. ಮಳೆಯೂ ಸಂಗೀತವೂ ಕೂಡಿ ಈ ತ್ಯಾಗವನ್ನು ಅತಿ ಮನೋಹರವಾಗಿ ಮಾಡಿವೆ. ಆದರೆ ಮಳೆ ನಿಂತ ಮೇಲೆ ಒಂದು ಪ್ರಶ್ನೆ ಉಳಿಯುವುದು: ಅವನು ಕೊಟ್ಟುದು ಅವನದೇ ಆಗಿತ್ತೆ? ಕರ್ಣನು ಕೊಟ್ಟುದು ತನ್ನ ಮೈಯ ಕವಚವನ್ನು. ಕಣ್ಣಪ್ಪನು ತನ್ನ ಕಣ್ಣನ್ನು. ನಂದಿನಿಯ ಬಾಳು ಪ್ರೀತಮನ ಸ್ವತ್ತಲ್ಲ. ಅವಳ ಮನಸ್ಸು ಸ್ಪಷ್ಟವಾಗಿದ್ದರೂ ನಿರ್ಣಯವು ಅವಳನ್ನು ಹೊರಗಿಟ್ಟೇ ನಡೆಯುವುದು. ತನ್ನದಲ್ಲದುದನ್ನು ಕೊಟ್ಟು ತ್ಯಾಗಿಯೆನಿಸಿಕೊಳ್ಳುವುದು ಹೊಸದೇನೂ ಅಲ್ಲ. ಸತ್ಯಕ್ಕಾಗಿ ಹೆಂಡತಿ ಮಕ್ಕಳನ್ನು ಮಾರಿದ ಹರಿಶ್ಚಂದ್ರನ ಕಥೆಯಲ್ಲಿಯೂ ಈ ಮುಳ್ಳು ಇದೆ. ಆದರೆ ರಾಘವಾಂಕನ ಕಾವ್ಯದಲ್ಲಿ ಚಂದ್ರಮತಿಗೆ ಮಾತುಂಟು, ನೋವಿನ ಪಾಲುಂಟು, ವ್ರತದಲ್ಲಿ ಪಾಲುಂಟು. ಇಲ್ಲಿ ನಾಯಿಕೆಗೆ ನೋವಿನ ಪಾಲು ಮಾತ್ರ.

ಹಾಗಾದರೆ ಸಾಮಾಜಿಕ ಚಿತ್ರದಲ್ಲಿ ದಾನವೀರವು ಸಾಧ್ಯವೇ ಇಲ್ಲವೆ? ೧೯೭೨ರ ‘ಬಂಗಾರದ ಮನುಷ್ಯ’ವು ಈ ಸಂದೇಹಕ್ಕೆ ಉತ್ತರವಾಗಿ ನಿಲ್ಲುತ್ತದೆ. ಟಿ. ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿ ಸಿದ್ದಲಿಂಗಯ್ಯನವರು ನಿರ್ದೇಶಿಸಿದ ಈ ಚಿತ್ರದಲ್ಲಿ ರಾಜೀವನು ಅಕ್ಕನ ಸಂಸಾರದ ಭಾರವನ್ನು ಹೊತ್ತು, ಬರಡು ನೆಲದಲ್ಲಿ ಬಂಡೆ ಒಡೆದು ನೀರು ತೆಗೆದು ಬಂಗಾರದ ಬೆಳೆ ಬೆಳೆಯುವನು. ಯಾರನ್ನು ಓದಿಸಿ ಮುಂದೆ ತಂದನೋ ಆ ಸೋದರಳಿಯನೇ ಅವನನ್ನು ಅನುಮಾನಿಸಿ ಹೀನೈಸುವನು. ರಾಜೀವನು ಉಣ್ಣುತ್ತಿದ್ದ ಅನ್ನವನ್ನು ಬಿಟ್ಟೆದ್ದು, ಯಾರಿಗೂ ಕಾಣದಂತೆ ಹೊರಟುಹೋಗುವನು. ಇಲ್ಲಿಯೂ ಪಡೆದವರು ಕೃತಘ್ನರು. ಇಲ್ಲಿಯೂ ಕೊಟ್ಟವನಿಗೆ ಮನೆಯಲ್ಲಿ ಎಡೆಯಿಲ್ಲ. ಕಥೆಯ ಚೌಕಟ್ಟನ್ನಷ್ಟೇ ನೋಡಿದರೆ ‘ಕಸ್ತೂರಿ ನಿವಾಸ’ಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ.

ಅಂತರವಿರುವುದು ಬೇರೊಂದು ಕಡೆ. ರವಿವರ್ಮನು ಕೊಡುವುದನ್ನು ಮಾತ್ರ ಪ್ರೇಕ್ಷಕನು ಕಾಣುವನು. ರಾಜೀವನು ಕೊಡುವುದಕ್ಕೆ ಮೊದಲು ದುಡಿಯುವುದನ್ನೂ ಕಾಣುವನು. ಸುತ್ತಿಗೆಯ ಏಟು, ಬೆವರು, ಅಗೆದ ನೆಲ, ಚಿಮ್ಮಿದ ನೀರು ಇವೆಲ್ಲವೂ ತೆರೆಯ ಮೇಲೆ ನಡೆಯುತ್ತವೆ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಸುಮಾರು ಎರಡು ವರ್ಷ ನಡೆದ ಈ ಚಿತ್ರವನ್ನು ನೋಡಿ ಓದಿದ ಯುವಕರು ಹಳ್ಳಿಗೆ ಮರಳಿ ಬೇಸಾಯ ಹಿಡಿದರೆಂಬ ಮಾತು ನಾಡಿನಲ್ಲೆಲ್ಲ ಪ್ರಸಿದ್ಧವಾಗಿದೆ. ಎಷ್ಟು ಮಂದಿ ಮರಳಿದರೆಂಬ ಲೆಕ್ಕ ಇಲ್ಲಿ ಮುಖ್ಯವಲ್ಲ. ಅಂತಹ ಮಾತು ಹುಟ್ಟಿದುದೇ ಮುಖ್ಯ. ಕಥೆಯೊಳಗಿನ ಸೋದರಳಿಯನು ಕೊಡದ ಉತ್ತರವನ್ನು ಕಥೆಯ ಹೊರಗಿನ ಪ್ರೇಕ್ಷಕನು ಕೊಡಬಯಸಿದನು. ಪಡೆದವನ ಬರಿದಾದ ಪೀಠದಲ್ಲಿ ತಾನೇ ಕುಳಿತನು. ಶೋಕದಿಂದ ಮುಗಿದ ಚಿತ್ರವು ಉತ್ಸಾಹವನ್ನು ಉಳಿಸಿತೆಂಬುದಕ್ಕೆ ಇದಕ್ಕಿಂತ ಪ್ರಮಾಣ ಬೇಡ.

ಈಚಿನ ದಶಕದಲ್ಲಿ ಗಾಳಿಯು ಯುದ್ಧವೀರದ ಕಡೆಗೆ ಬೀಸಿದೆ. ೨೦೧೮ರ ‘ಕೆ.ಜಿ.ಎಫ್.’ ಚಿತ್ರದ ನಾಯಕನಿಗೆ ತಾಯಿಯು ಬೋಧಿಸುವುದು ಅಧಿಕಾರವನ್ನೂ ಸಂಪತ್ತನ್ನೂ. ಪಡೆಯುವುದೇ ಅವನ ವ್ರತ. ಹೀಗಿದ್ದರೂ, ಕೂಸನ್ನೆತ್ತಿಕೊಂಡ ತಾಯಿಯೊಬ್ಬಳು ಕೆಳಗೆ ಬಿದ್ದ ರೊಟ್ಟಿಯನ್ನು ಎತ್ತಿಕೊಳ್ಳಲೆಂದು ಅವನು ಬೀದಿಯ ವಾಹನಗಳನ್ನೆಲ್ಲ ತಡೆದು ನಿಲ್ಲಿಸುವ ದೃಶ್ಯವನ್ನು ಆ ಚಿತ್ರವೂ ಬಿಡಲಾಗಲಿಲ್ಲ. ದಾನವೀರದ ಲೇಪವಿಲ್ಲದೆ ಕನ್ನಡದ ನಾಯಕನು ಪೂರ್ಣನಾಗನೆಂಬುದನ್ನು ನಿರ್ಮಾಪಕರು ಬಲ್ಲರು.

೨೦೨೨ರಲ್ಲಿ ಬಂದ ರಿಷಬ್ ಶೆಟ್ಟಿಯವರ ‘ಕಾಂತಾರ’ವು ಪ್ರಶ್ನೆಯನ್ನೇ ತಿರುಗಿಸಿ ಕೇಳಿರುವುದರಿಂದ ಅದಕ್ಕೆ ಪ್ರತ್ಯೇಕವಾದ ಸ್ಥಾನವುಂಟು. ಕಥೆಯ ಅರಸನು ೧೮೪೭ರಲ್ಲಿ ದೈವವನ್ನು ಪಡೆದು ಕಾಡಿನ ಜನಕ್ಕೆ ಭೂಮಿಯನ್ನು ಕೊಡುವನು. ಅವನ ವಂಶಜರು ಅದನ್ನು ಹಿಂದಕ್ಕೆ ಬಯಸುವರು. ಕೊಟ್ಟುದು ನಿಜವಾಗಿಯೂ ಕೊಟ್ಟುದೇ, ಅಥವಾ ಸಾಲವೇ ಎಂಬ ಲೆಕ್ಕವನ್ನು ದೈವವು ಕೇಳುವುದು. ಪಡೆದವರು ಇಲ್ಲಿ ಮಸುಕಾಗಿಲ್ಲ. ಅವರಿಗೆ ಹೆಸರುಂಟು, ಹಟವುಂಟು, ಹಕ್ಕುಂಟು. ಕೊನೆಯಲ್ಲಿ ದೈವವೇರಿದ ನಾಯಕನು ಊರವರ ಕೈಗಳನ್ನೂ ಅರಣ್ಯಾಧಿಕಾರಿಯ ಕೈಯನ್ನೂ ಒಟ್ಟುಗೂಡಿಸಿ ಎದೆಗೊತ್ತಿಕೊಂಡು, ಬಳಿಕ ಕಾಡಿನಲ್ಲಿ ಮರೆಯಾಗುವನು. ರಾಜೀವನೂ ಮರೆಯಾದನು, ಆದರೆ ಅವನು ಹೋದುದು ಮುರಿದ ಮನೆಯಿಂದ. ಇವನು ಹೋದುದು ಹೊಣೆಯನ್ನು ಕೈಗಳಲ್ಲಿ ಇಟ್ಟು.

ಕೊಡುವವನು ಹೊರಟುಹೋಗುವುದು ಈ ಚಿತ್ರಗಳಲ್ಲಿ ಬಹುವಾಗಿ ಕಾಣುವ ಮುಕ್ತಾಯ. ಅದರಲ್ಲಿ ಸೌಂದರ್ಯವುಂಟು, ಅಪಾಯವೂ ಉಂಟು. ಕೊಟ್ಟವನು ಕಣ್ಮರೆಯಾದರೆ ಪಡೆದವನಿಗೆ ಸಾಲ ತೀರಿಸುವ ಗೊಡವೆಯಿಲ್ಲ. ಕಣ್ಣೀರಿನಿಂದಲೇ ಋಣಮುಕ್ತನಾದೆನೆಂದು ಅವನು ತಿಳಿಯಬಹುದು, ಅವನೊಡನೆ ಪ್ರೇಕ್ಷಕನೂ ತಿಳಿಯಬಹುದು. ಆದುದರಿಂದ ದಾನವೀರದ ಚಿತ್ರವನ್ನು ಒರೆಗೆ ಹಚ್ಚುವಾಗ, ನಾಯಕನು ಎಷ್ಟು ಕೊಟ್ಟನೆಂಬುದಕ್ಕಿಂತ, ಕೊಟ್ಟುದು ಅವನದೇ ಆಗಿತ್ತೆ, ಅದರ ಹಿಂದಿನ ದುಡಿಮೆ ಕಂಡಿತೆ, ಪಡೆದವನಿಗೆ ಉತ್ತರ ಕೊಡಲು ಎಡೆಯುಳಿಯಿತೆ ಎಂಬ ಮೂರನ್ನು ಕೇಳುವುದು ಯುಕ್ತ. ಉತ್ಸಾಹವೇ ಸ್ಥಾಯಿಯೆಂದು ಲಾಕ್ಷಣಿಕರು ವಿಧಿಸಿದುದರ ಮರ್ಮವೂ ಇದೇ ಇರಬೇಕು. ಅತ್ತು ಹಗುರಾಗಿ ಮನೆಗೆ ಮರಳಿದವನು ಕರುಣವನ್ನು ಕಂಡನು; ಏನನ್ನಾದರೂ ಮಾಡಬೇಕೆಂಬ ತವಕದಿಂದ ಮರಳಿದವನು ವೀರವನ್ನು ಕಂಡನು.