ದಂಗ್‌ದುತ್: ಅಣಕದಿಂದ ಬಂದ ಹೆಸರು

ಇಂಡೊನೇಶಿಯದ ಸಂಗೀತವೆಂದರೆ ನಮ್ಮವರಲ್ಲಿ ಅನೇಕರಿಗೆ ಜಾವಾದ ಗಮೆಲಾನ್ ಒಂದೇ ನೆನಪಾಗುತ್ತದೆ. ಅದು ಅರಮನೆಯಲ್ಲಿ ಬೆಳೆದ ಸಂಗೀತ, ಗೌರವಕ್ಕೆ ಪಾತ್ರವಾದದ್ದೇ. ಆದರೆ ಅಲ್ಲಿಯ ಮದುವೆ ಮನೆಗಳಲ್ಲಿ, ಲಾರಿ ಚಾಲಕನ ಪಕ್ಕದಲ್ಲಿ, ಚುನಾವಣೆಯ ಸಭೆಗಳಲ್ಲಿ ಮೊಳಗುವುದು ದಂಗ್‌ದುತ್. ನನ್ನ ಕುತೂಹಲ ಇದರ ಮೇಲೆ.

ಹೆಸರಿನದೇ ಒಂದು ಕಥೆ. ನಮ್ಮ ತಬಲದಂತೆ ನುಡಿಯುವ ಗೆಂದಂಗ್ ಎಂಬ ವಾದ್ಯದ ಪೆಟ್ಟು 'ದಂಗ್' ಎಂದು ಎದ್ದು 'ದುತ್' ಎಂದು ಜಾರುತ್ತದೆ. 1970ರ ದಶಕದ ಆರಂಭದಲ್ಲಿ ಪೇಟೆಯ ನಾಜೂಕಿನವರು ಆ ಸದ್ದನ್ನೇ ಹಿಡಿದು ಹಂಗಿಸಿದರು. 'ಕಂಪುಂಗನ್' ಎಂಬುದು ಅವರ ಇನ್ನೊಂದು ಬೈಗುಳ. ನಮ್ಮಲ್ಲಿ 'ಹಳ್ಳಿಗಮಾರ' ಎನ್ನುವಂತೆ. ರೋಮಾ ಇರಾಮಾ ಆ ಅಣಕದ ಮಾತನ್ನೇ ಎತ್ತಿಕೊಂಡು ಹಾಡು ಕಟ್ಟಿದರು. ಬೈದವರ ಬಾಯಿ ಮುಚ್ಚಿಸಲು ಇದಕ್ಕಿಂತ ಒಳ್ಳೆಯ ಉಪಾಯವುಂಟೆ?

ಇದರಲ್ಲಿ ನಮ್ಮ ದೇಶದ ಪಾಲೂ ಇದೆ. 1950ರ ದಶಕದಲ್ಲಿ ಹಿಂದೀ ಚಿತ್ರಗೀತೆಗಳ ಧಾಟಿಗಳು ಅಲ್ಲಿಯ ಮಲಯ್ ವಾದ್ಯಮೇಳಗಳಿಗೆ ಇಳಿದುವು. ಎಲ್ಯಾ ಖಾದಮ್ 'ಇಂಡಿಯದ ಬೊಂಬೆ'ಯನ್ನು ಕುರಿತೇ ಹಾಡಿ ಹೆಸರಾದರು. ನಕಲೆಂದು ತಳ್ಳಿಬಿಡುವುದು ಸುಲಭ. (ನಮ್ಮ ಚಿತ್ರಸಂಗೀತದವರು ಎಲ್ಲೆಲ್ಲಿಂದ ತಂದರೆಂದು ಕೆದಕಹೋದರೆ ನಾವೇ ಇಕ್ಕಟ್ಟಿಗೆ ಸಿಕ್ಕೇವು!) ಆದರೆ ರೋಮಾ ಈ ಧಾಟಿಗೆ ಡೀಪ್ ಪರ್ಪಲ್ ವೃಂದದ ಬಗೆಯ ಗಿಟಾರಿನ ಆರ್ಭಟವನ್ನು ಬೆಸೆದರು. ಕೊಳಲೂ ಗಿಟಾರೂ ಒಂದೇ ಹಾಡಿನಲ್ಲಿ ಜಗಳವಿಲ್ಲದೆ ಬಾಳುವುದನ್ನು ಕೇಳಿದಾಗ ನಕಲೆಂಬ ಮಾತು ನನ್ನ ನಾಲಗೆಯಲ್ಲೇ ನಿಲ್ಲುತ್ತದೆ. 1973ರಲ್ಲಿ ತಮ್ಮ ಸೊನೇತಾ ವೃಂದವನ್ನು ಮುಸ್ಲಿಮರ ದನಿಯೆಂದು ಸಾರಿದ ಮೇಲೆ ಅವರ ಹಾಡುಗಳಲ್ಲಿ ಉಪದೇಶ ಹೆಚ್ಚಿತು. ಆ ಭಾರಕ್ಕೆ ಕೆಲವು ಹಾಡುಗಳು ಬಗ್ಗುತ್ತವೆ. ತಾಳವೇ ಅವನ್ನು ಹೇಗೋ ಎತ್ತಿ ನಿಲ್ಲಿಸುತ್ತದೆ.

ನನ್ನ ತಕರಾರು ಬೇರೆ. ಪೂರ್ವ ಜಾವಾದ ಇನುಲ್ ದರಾತಿಸ್ತಾ ಬೈರಿಗೆಯಂತೆ ಸೊಂಟ ತಿರುಗಿಸಿ ಕುಣಿಯುತ್ತಾರೆಂದು 2003ರಲ್ಲಿ ರೋಮಾ ಸಿಡಿಮಿಡಿಗೊಂಡರು. ತಮ್ಮ ಹಾಡುಗಳನ್ನು ಆಕೆ ಹಾಡಕೂಡದೆಂದರು. ಇನುಲ್ ಹೆಸರು ಹಬ್ಬಿದ್ದು ದೊಡ್ಡ ಕಂಪನಿಗಳ ಕೃಪೆಯಿಂದಲ್ಲ, ಬೀದಿಬದಿಯಲ್ಲಿ ಮಾರಿದ ಕಳ್ಳಪ್ರತಿಗಳಿಂದ. ತಮ್ಮ ಸಂಗೀತವೇ ಒಮ್ಮೆ ಗಮಾರರದೆನಿಸಿಕೊಂಡಿದ್ದಾಗ, ಊರೂರಿನ ಮದುವೆಗಳಲ್ಲಿ ಹಾಡಿ ಬಂದವಳಿಗೆ ರೋಮಾ ಮಡಿಯ ಪಾಠ ಹೇಳಿದ್ದು ನನಗೆ ಸರಿಬೀಳಲಿಲ್ಲ. ಇನುಲ್ ಕಂಠ ಎಲ್ವಿ ಸುಕೈಸಿಹ್ ಅವರದರಷ್ಟು ಮಾಗಿದ್ದಲ್ಲ, ಒಪ್ಪುತ್ತೇನೆ. ವಿಮರ್ಶೆ ನಡೆಯಬೇಕಾಗಿದ್ದುದು ಆ ಕಂಠದ ಮೇಲೆ. ನಡೆದದ್ದು ಸೊಂಟದ ಮೇಲೆ. ಮುಂದೆ ಇದೇ ಇನುಲ್ ದೂರದರ್ಶನದ ದಂಗ್‌ದುತ್ ಸ್ಪರ್ಧೆಯಲ್ಲಿ ತೀರ್ಪುಗಾರರಾಗಿ ಕುಳಿತರು.