ಗಾಡಿಗಿಂತ ಮೊದಲು ನೆಲ

ಡೀಸೆಲ್ ಫೋರ್ಕ್‌ಲಿಫ್ಟಿನ ಗುಣದೋಷ ಈ ವಾರದ ವಿಷಯ. ಇಂಜಿನ್ ಗಾಡಿಯ ಕಾಲ ಮುಗಿಯಿತು, ಇನ್ನೇನಿದ್ದರೂ ಬ್ಯಾಟರಿಯದೇ ಎಂದು ಸಾರುವವರ ಮಾತನ್ನು ನಾನು ಒಪ್ಪುವುದಿಲ್ಲ. ಅವರ ಕಣ್ಣಿರುವುದು ಬೆಂಗಳೂರಿನ ನುಣುಪು ನೆಲದ ಗೋದಾಮುಗಳ ಮೇಲೆ. ಮಂಡ್ಯ ಸೀಮೆಯಲ್ಲಿ ಕಬ್ಬು ಅರೆಯುವ ಹಂಗಾಮು ಶುರುವಾದರೆ ಕಾರ್ಖಾನೆಗೆ ಹಗಲು ರಾತ್ರಿಯ ಭೇದವಿಲ್ಲ; ಮಳೆ ಬಂದರೂ ಅಂಗಳದಲ್ಲಿ ಲಾರಿ ಕಾಯುವಂತಿಲ್ಲ. ಅಂಥ ಕಡೆ ಐದು ನಿಮಿಷದಲ್ಲಿ ಡೀಸೆಲ್ ತುಂಬಿಸಿದರೆ ಗಾಡಿ ಮುಂದಿನ ಪಾಳಿಗೂ ಸಿದ್ಧ. ಹಳೆಯ ಸೀಸದ ಬ್ಯಾಟರಿಗೆ ಚಾರ್ಜಿಗೇ ಎಂಟು ಗಂಟೆ ಬೇಕು, ಆಮೇಲೆ ತಣಿಯಲು ಬಿಡಬೇಕು. ಉಬ್ಬುತಗ್ಗಿಗೆ ಗಾಳಿ ತುಂಬಿದ ದೊಡ್ಡ ಟೈರು, ಇಳಿಜಾರು ಏರಲು ಇಂಜಿನ್ನಿನ ಕಸುವು, ಕೆಟ್ಟರೆ ಟ್ರ್ಯಾಕ್ಟರ್ ರಿಪೇರಿ ಬಲ್ಲ ಮೆಕ್ಯಾನಿಕ್ಕೇ ಕೈಹಾಕಬಹುದಾದ ಇಂಜಿನ್: ಇವು ಸಣ್ಣ ಅನುಕೂಲಗಳಲ್ಲ.

ಆದರೆ ಅದೇ ಗಾಡಿ ಗೋದಾಮಿನ ಬಾಗಿಲು ದಾಟಿದೊಡನೆ ನನ್ನ ಪಕ್ಷ ಬದಲಾಗುತ್ತದೆ. ಡೀಸೆಲ್ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ತೀರ್ಮಾನಿಸಿದೆ. ಅದನ್ನು ದಿನವಿಡೀ ಉಸಿರಾಡುವವರು ಚಾಲಕರು ಮತ್ತು ಹಮಾಲರು. ಗ್ಯಾಸ್ ಗಾಡಿಯಲ್ಲಿ ಕಪ್ಪು ಹೊಗೆ ಕಾಣದಿದ್ದರೂ ಕಾರ್ಬನ್ ಮೊನಾಕ್ಸೈಡ್ ಇದ್ದೇ ಇರುತ್ತದೆ, ಅದಕ್ಕೆ ವಾಸನೆಯೂ ಇಲ್ಲ. ಬಾಗಿಲು ತೆರೆದಿಟ್ಟರಾಯಿತಲ್ಲ ಎನ್ನುವವರಿದ್ದಾರೆ. ಮಳೆಗಾಲದಲ್ಲಿ ಹಾಗೆ ಮಾಡಿದರೆ ಬೆಲ್ಲ ತೇವ ಹೀರಿ ಜಿನುಗತೊಡಗುತ್ತದೆ. ಹೊಗೆಕೊಳವೆಗೆ ಶೋಧಕ ಹಾಕಿಸುವುದು ಇನ್ನೊಂದು ಸಲಹೆ. ಅದು ಚೆನ್ನಾಗಿ ಕೆಲಸ ಮಾಡಬೇಕಾದರೆ ಹೊಗೆ ಸಾಕಷ್ಟು ಬಿಸಿಯಿರಬೇಕು. ಹತ್ತು ಮಾರು ಓಡಿ, ನಿಂತು, ಮತ್ತೆ ಹತ್ತು ಮಾರು ಓಡುವ ಗಾಡಿಯಲ್ಲಿ ಆ ಬಿಸಿ ಹುಟ್ಟುವುದೇ ಕಷ್ಟ.

ಒಳಗೆ ಬ್ಯಾಟರಿ ಗಾಡಿಯಾದರೆ ಕರೆಂಟ್ ಕೈಕೊಡುತ್ತದೆಂಬ ಆಕ್ಷೇಪಕ್ಕೆ ತೂಕವಿದೆ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲೇ ವಿದ್ಯುತ್ ಕಳಿಸಿದ ಮಳವಳ್ಳಿ ತಾಲ್ಲೂಕಿನವರಿಗೂ ಆ ಭಯ ಸಹಜ. ಆದರೆ ಲಿಥಿಯಂ ಬ್ಯಾಟರಿಗೆ ಊಟದ ಬಿಡುವಿನಲ್ಲೂ ಅಷ್ಟಿಷ್ಟು ಚಾರ್ಜ್ ತುಂಬಬಹುದು. ಒಂದು ಗಂಟೆ ಕರೆಂಟ್ ಹೋದರೆ ಇಡೀ ಪಾಳಿ ಹಾಳಾಗುವುದಿಲ್ಲ.

ಇಷ್ಟು ಬರೆದ ಮೇಲೆ, ಇಂಧನದ ಜಗಳವೇ ಎರಡನೆಯದು, ಮೊದಲನೆಯದು ನೆಲ ಎನ್ನದೆ ವಿಧಿಯಿಲ್ಲ. ಮೂರು ಟನ್ ಎತ್ತುವ ಗಾಡಿಯ ಸ್ವಂತ ತೂಕವೇ ನಾಲ್ಕು ಟನ್ ದಾಟುತ್ತದೆ. ತುಂಬು ಹೊರೆಯಿದ್ದಾಗ ಒಟ್ಟು ಭಾರದ ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಪಾಲು ಮುಂದಿನ ಚಕ್ರಗಳ ಮೇಲೇ ಬೀಳುತ್ತದೆ. ಮೂಟೆ ಹೊತ್ತ ಹಮಾಲರ ಕಾಲಿಗೆ ಸಾಕಾಗಿದ್ದ ನೆಲ ಈ ಒತ್ತಡಕ್ಕೆ ಬಿರಿಯುತ್ತದೆ. ಬಿರಿದ ನೆಲದಲ್ಲಿ ಬ್ಯಾಟರಿ ಗಾಡಿಯ ಸಣ್ಣ ಗಟ್ಟಿ ಟೈರು ಕುಲುಕುತ್ತದೆ, ಮೇಲೆತ್ತಿದ ಹೊರೆ ವಾಲುತ್ತದೆ, ಮಾಲೀಕರು ಮತ್ತೆ ಡೀಸೆಲ್ ಗಾಡಿಯನ್ನೇ ಒಳಕ್ಕೆ ಕರೆಯುತ್ತಾರೆ. ಹಾಗಾಗಿ ಅಕ್ಕಿ ಗಿರಣಿ, ಬೆಲ್ಲದ ಮಂಡಿಯವರಲ್ಲಿ ನನ್ನ ಕೋರಿಕೆ ಇಷ್ಟೆ: ಡೀಸೆಲ್ ಗಾಡಿ ಅಂಗಳದಲ್ಲಿರಲಿ, ಒಳಗೆ ಬೇಡ. ಈ ವರ್ಷ ಕೈಯಲ್ಲಿರುವ ದುಡ್ಡಿಗೆ ಒಂದೇ ಕೆಲಸ ಸಾಧ್ಯವೆಂದಾದರೆ, ಹೊಸ ಗಾಡಿಯನ್ನು ಮುಂದಕ್ಕೆ ಹಾಕಿ ಗೋದಾಮಿಗೆ ಗಟ್ಟಿ ಕಾಂಕ್ರೀಟ್ ನೆಲ ಮಾಡಿಸಿ.